ಮೇಲ್ಮನೆಯ ಇಲಿ ಮತ್ತು ಹಲ್ಲಿನ ಡಾಕ್ಟರ್

"ಬಾಗಿಲು ತೆಗೀರಿ! ಒಳಗೆ ಯಾರಿಗೆ ಏನಾಯ್ತು? ರೀ... ಬಾಗಿಲು ತೆಗೀರಿ ಅಂದೆ!"

ಬಡಿತದ ರಭಸಕ್ಕೆ ಚಿಲಕ ಕುಣಿಯುತ್ತಿತ್ತು.

ಅವಳು ಊದುವುದನ್ನು ಅರ್ಧಕ್ಕೇ ನಿಲ್ಲಿಸಿ, ಬಸೂನ್ ವಾದ್ಯವನ್ನು ಮಗುವಿನ ಹಾಗೆ ತೋಳಿಗೆ ಆನಿಸಿಕೊಂಡೇ ಹೋಗಿ ಬಾಗಿಲು ತೆರೆದಳು.

ಎದುರಿಗೆ ಒಬ್ಬ ಗಂಡಸು. ಹಸಿರು ನಿಲುವಂಗಿ, ಗಲ್ಲಕ್ಕೆ ಇಳಿದ ಮಾಸ್ಕು, ಎರಡೂ ಕೈಗೆ ಗ್ಲೌಸು. ಬಲಗೈಯಲ್ಲಿದ್ದ ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ಕತ್ತಿ ಹಿರಿದವನಂತೆ ಎತ್ತಿ ಹಿಡಿದಿದ್ದ. ಮೆಟ್ಟಿಲು ಓಡಿ ಹತ್ತಿದ ಏದುಸಿರು.

"ಯಾರಿಗೆ ಏಟಾಯ್ತು?"

"ಯಾರಿಗೂ ಇಲ್ವಲ್ಲ..."

"ಮತ್ತೆ ಕಿರುಚಿದ್ದು ಯಾರು?"

ಅವಳ ಮುಖಕ್ಕೆ ರಕ್ತವೆಲ್ಲ ಏರಿತು. ಮೂರು ತಿಂಗಳಿಂದ ಒದ್ದಾಡಿ, ಇವತ್ತು ಮೊದಲ ಬಾರಿಗೆ ಆ ಸ್ವರ ಒಡೆಯದೆ ಬಂದಿತ್ತು! ಮೊದಲ ಬಾರಿಗೆ! ಅದನ್ನು ಕೇಳಿದ ಮೊದಲ ಪುಣ್ಯಾತ್ಮ ಹೇಳುತ್ತಿರುವುದು ಇದು!

"ಕಿರುಚಿದ್ದಲ್ಲ ರೀ ಅದು! ಸ್ವರ! ಬಸೂನಿನಲ್ಲಿ ಅದಕ್ಕಿಂತ ಮೇಲೆ ಹೋಗೋರು ಬೆರಳೆಣಿಕೆಯಷ್ಟು ಜನ!"

ಅವನು ಅವಳ ತೋಳಿನಲ್ಲಿದ್ದುದನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ.

"ಇದಾ? ನಾನು ಮಂಚದ ಕಾಲು ಅಂದ್ಕೊಂಡೆ."

ಒಳಗಿನಿಂದ ಕಿಸಕ್ಕನೆ ನಗು ಕೇಳಿಸಿತು. ಅವಳ ದೊಡ್ಡಮ್ಮ. ಅಮ್ಮನ ಅಕ್ಕ, ಚಿಕ್ಕಂದಿನಿಂದ ಸಾಕಿದವರು. ಮನೆಯಲ್ಲಿ ಇರುವುದು ಇವರಿಬ್ಬರೇ.

"ನಾನು ಕೆಳಗಿನ ಕ್ಲಿನಿಕ್ಕಿನವನು. ಬಂದು ಮೂರು ವಾರ ಆಯ್ತು," ಅವನು ದನಿ ತಗ್ಗಿಸಿದ. "ಒಬ್ಬರಿಗೆ ಮರಗಟ್ಟೋ ಇಂಜೆಕ್ಷನ್ ಕೊಟ್ಟು, 'ಏನೂ ನೋವಾಗಲ್ಲ ಸಾರ್' ಅಂತ ಹೇಳ್ತಿದ್ದೆ. ಸರಿಯಾಗಿ ಆಗ ಮೇಲಿಂದ ಈ... ಈ ಸ್ವರ. ಅವರು ಕತ್ತಿಗೆ ಕಟ್ಟಿದ ಬಟ್ಟೆ ಸಮೇತ ಓಡಿಹೋದ್ರು. ಅರ್ಧ ಬಾಯಿ ಮರಗಟ್ಟಿದೆ ಪಾಪ, ಆಟೋದವನಿಗೆ ವಿಳಾಸ ಹೇಗೆ ಹೇಳ್ತಾರೋ!"

ಅವಳಿಗೆ ನಗು ಬಂತು. ಆದರೆ ಕೋಪ ಮೊದಲೇ ಬಂದು ಜಾಗ ಹಿಡಿದಿತ್ತು.

"ಬೆಳಿಗ್ಗೆ ನನಗೆ ವಾದ್ಯವೃಂದದ ತಾಲೀಮು. ಮಧ್ಯಾಹ್ನ ಬಿಟ್ಟರೆ ಬೇರೆ ಹೊತ್ತಿಲ್ಲ. ಇನ್ನು ಹದಿನೆಂಟೇ ದಿನ. ಅಲ್ಲಿವರೆಗೆ ಊದೋದೇ."

ಬಾಗಿಲು ದಡಾರನೆ ಮುಚ್ಚಿತು.

*

ಆ ಹದಿನೆಂಟು ದಿನದ ಕಥೆ ಏನೆಂದು ಮೊದಲು ಹೇಳಿಬಿಡಬೇಕು.

ಬಸೂನ್ ಎಂದರೆ ನೆಟ್ಟಗೆ ನಿಲ್ಲಿಸಿದರೆ ಅವಳ ಭುಜದವರೆಗೆ ಬರುವ, ಕಂದು ಮರದ, ಊದುವ ವಾದ್ಯ. ಬಾಯಿಗೆ ಸಿಗುವುದು ಒಂದು ಬಾಗಿದ ಲೋಹದ ಕೊಳವೆ; ಅದರ ತುದಿಗೆ ಜೊಂಡಿನ ಎರಡು ಸೀಳು ಸೇರಿಸಿ ಕಟ್ಟಿದ ರೀಡು. ಅದರ ಸಹಜ ದನಿ, ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಕೂತ ತಾತ ಗಂಟಲು ಸರಿಮಾಡಿಕೊಂಡ ಹಾಗೆ. ಅಂಥ ತಾತನ ಕೈಯಲ್ಲಿ ಹಸುಗೂಸಿನ ದನಿಯಲ್ಲಿ ಹಾಡಿಸಬೇಕು ಅಂದರೆ? ಅದೇ ಮೇಲಿನ 'ಎಫ್' ಎಂಬ ಸ್ವರ.

ಒಂಬತ್ತು ವರ್ಷದಿಂದ ಅವಳು ಊರಿನ ವಾದ್ಯವೃಂದದಲ್ಲಿ ಎರಡನೇ ಬಸೂನು. ಎರಡನೆಯವರ ಪಾಲಿಗೆ ಬರುವುದೆಲ್ಲ ಬೂಂ... ಬೂಂ... ಅಷ್ಟೇ. ಈಗ ಮೊದಲ ಕುರ್ಚಿಯ ಹಿರಿಯರು ನಿವೃತ್ತರಾಗಿದ್ದರು. ಆ ಕುರ್ಚಿಗೆ ಪರೀಕ್ಷೆ. ಪರೀಕ್ಷೆಗೆ ಇಟ್ಟ ಹೊಸ ಕೃತಿಯ ಕೊನೆಯಲ್ಲಿ ಆ 'ಎಫ್' ಇತ್ತು. ಮುಟ್ಟಿ ಓಡಿಬರುವ ಹಾಗಿಲ್ಲ, ಎಂಟು ಎಣಿಕೆ ಹಿಡಿದು ನಿಲ್ಲಿಸಬೇಕು!

'ಇದು ತಪ್ಪಿದರೆ ಇನ್ನೊಬ್ಬರು ಬಂದು ಕೂರುತ್ತಾರೆ. ಅವರು ನಿವೃತ್ತರಾಗುವ ಹೊತ್ತಿಗೆ ನಾನು ಮುದುಕಿ. ಜೀವನವಿಡೀ ಬೂಂ...'

ಆ ಸ್ವರಕ್ಕೆ ದೊಡ್ಡಮ್ಮ ಇಟ್ಟ ಹೆಸರು ಇಲಿ.

"ಪುಟ್ಟೀ, ಇವತ್ತು ಇಲಿ ಬಂತಾ?"

"ತಲೆ ತೋರಿಸಿ ಓಡಿಹೋಯ್ತು ದೊಡ್ಡಮ್ಮ."

"ನಾಳೆ ಬರುತ್ತೆ ಬಿಡು."

*

ಮಾರನೇ ದಿನ ಡಾಕ್ಟರು ಮತ್ತೆ ಬಂದ. ಈ ಸಲ ಬಾಗಿಲು ಮೆಲ್ಲಗೆ ತಟ್ಟಿದ; ಕೈಯಲ್ಲಿ ಒಂದು ಪೊರಕೆ.

"ಇದೇನ್ರೀ, ಹೊಡೆಯೋಕೆ ಬಂದ್ರಾ?"

"ಅಯ್ಯೋ, ಇಲ್ಲ! ಒಂದು ಒಪ್ಪಂದ. ಯಾರಾದ್ರೂ ತುಂಬಾ ಹೆದರಿದವರು ಕುರ್ಚಿಯಲ್ಲಿದ್ರೆ, ನಾನು ಪೊರಕೆ ಹಿಡಿಯಿಂದ ಚಾವಣಿಗೆ ಎರಡು ಸಲ ಕುಟ್ತೀನಿ. ನೀವು ನಿಲ್ಲಿಸಿ. ಅವರು ಹೋದ ತಕ್ಷಣ ಒಂದು ಸಲ ಕುಟ್ತೀನಿ. ಆಗ ಊದಬಹುದು."

"ಎರಡು ಅಂದ್ರೆ ಬೇಡ. ಒಂದು ಅಂದ್ರೆ ಹೂಂ," ದೊಡ್ಡಮ್ಮ ಒಳಗಿನಿಂದಲೇ ತೀರ್ಪು ಕೊಟ್ಟರು. "ಒಳ್ಳೇದು. ಒಪ್ಕೋ ಪುಟ್ಟಿ."

ಒಪ್ಪಿದಳು.

ಕುಟ್ ಕುಟ್. ನಿಲ್ಲಿಸುತ್ತಿದ್ದಳು. ಕುಟ್. ಊದುತ್ತಿದ್ದಳು. ಎರಡು ದಿನ ಕಳೆಯುವಷ್ಟರಲ್ಲಿ ಅವಳ ಕಿವಿ ಆ ಒಂದೇ ಕುಟ್ಟಿಗೆ ಕಾಯತೊಡಗಿತು. ಅದು ಊದುವ ಆಸೆಗೋ, ಇನ್ನೇತಕ್ಕೋ... ಅವಳು ಕೇಳಿಕೊಳ್ಳಲಿಲ್ಲ. ಕೇಳಿಕೊಳ್ಳದ ಪ್ರಶ್ನೆಗಳೇ ಹೆಚ್ಚು ತೊಂದರೆ ಕೊಡುವುದು ಅನ್ನುವುದು ಬೇರೆ ಮಾತು.

ನಾಲ್ಕನೇ ದಿನ ದೊಡ್ಡಮ್ಮ ಅವಳ ತುಟಿ ಹಿಡಿದು ಮಡಚಿ ನೋಡಿದರು.

"ಒಳಗೆಲ್ಲ ಗಾಯ ಮಾಡ್ಕೊಂಡಿದೀಯಲ್ಲೇ! ಚಿಕ್ಕವಳಿದ್ದಾಗ ಉಯ್ಯಾಲೆಯಿಂದ ಬಿದ್ದು ಮುರ್ಕೊಂಡ್ಯಲ್ಲ, ಆ ಹಲ್ಲೇ ಚುಚ್ತಿರೋದು. ನಡಿ ಕೆಳಗೆ."

"ಬೇಡ ದೊಡ್ಡಮ್ಮ..."

"ನಡಿ ಅಂದೆ!"

*

ಕ್ಲಿನಿಕ್ಕಿನ ಕುರ್ಚಿ ಹಿಂದಕ್ಕೆ ವಾಲಿತು. ಮೇಲೆ ದೀಪ. ದೀಪದ ಪಕ್ಕ ಅವನ ಕಣ್ಣು.

ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುವಾಗ ಒಬ್ಬ ಮನುಷ್ಯ ಇಷ್ಟು ಚೆಂದ ಕಾಣಬಾರದು! ಅದಕ್ಕೊಂದು ಕಾನೂನು ಇರಬೇಕು!

"ನೋವಾದ್ರೆ ಎಡಗೈ ಎತ್ತಿ. ಮಾತಾಡೋಕೆ ಹೋಗ್ಬೇಡಿ," ಎಂದ ಅವನು. "ಎತ್ತಿದ ತಕ್ಷಣ ನಿಲ್ಲಿಸ್ತೀನಿ. ಇದುವರೆಗೆ ಮಾತು ತಪ್ಪಿಲ್ಲ."

ಕೆಳಸಾಲಿನ ಮುಂಭಾಗದ ಹಲ್ಲು. ಎಡ ಮೂಲೆ ಮುರಿದು, ಒಂದು ಸಣ್ಣ ಮೊನೆ ಸೂಜಿಯ ಹಾಗೆ ನಿಂತಿತ್ತು. ಅವನು ಕನ್ನಡಿಯಲ್ಲಿ ನೋಡಿದ. ಮತ್ತೆ ನೋಡಿದ. ಅಷ್ಟು ಹೊತ್ತು ನೋಡುವಂಥದ್ದು ಅಲ್ಲಿ ಏನೂ ಇರಲಿಲ್ಲ.

"ಇದಕ್ಕೆ... ಉಮ್... ಒಂದು ಅಚ್ಚು ತೆಗೀಬೇಕಾಗುತ್ತೆ."

ಕೌಂಟರಿನಲ್ಲಿ ಕೂರುವ ಅಕ್ಕ, ಹಳೇ ಕ್ಲಿನಿಕ್ಕಿನಿಂದಲೂ ಅವನ ಜೊತೆ ಇದ್ದವರು, ತಲೆ ಎತ್ತಿ ಅವನನ್ನು ಒಂದು ಥರ ನೋಡಿದರು. ಅವನು ಆ ಕಡೆ ನೋಡಲೇ ಇಲ್ಲ.

ಗುಲಾಬಿ ಬಣ್ಣದ ಅಂಟು ತುಂಬಿದ ತಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಮೂರು ನಿಮಿಷ ಕೂರಿಸಿದ. ಅವಳ ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ಗಲ್ಲದ ಮೇಲೆ ಜೊಲ್ಲು. ಪ್ರೇಮ ಹುಟ್ಟುವುದಕ್ಕೆ ಇದಕ್ಕಿಂತ ಕೆಟ್ಟ ಹೊತ್ತು ಸಿಗಲಾರದು. ಆದರೂ ಅವನು ಹತ್ತಿಯಿಂದ ಮೆಲ್ಲಗೆ ಗಲ್ಲ ಒರೆಸಿದಾಗ ಅವಳ ಎದೆ ಝಲ್ಲೆಂದಿತು.

"ನಾಡಿದ್ದು ಬನ್ನಿ," ಎಂದ.

ನಾಡಿದ್ದು ಹೋದಳು. ಅಂದು ತಲೆ ಎರಡು ಸಲ ಬಾಚಿಕೊಂಡಿದ್ದಳು ಎಂಬುದನ್ನು ದೊಡ್ಡಮ್ಮ ಗಮನಿಸಿದರು.

"ಈ ಮೊನೆ ಉಜ್ಜಿ ನುಣ್ಣಗೆ ಮಾಡಲಾ? ಎರಡೇ ನಿಮಿಷ. ಇನ್ಮೇಲೆ ಚುಚ್ಚಲ್ಲ."

"ಆಂ," ಎಂದಳು ಅವಳು. ಬಾಯಿ ತೆರೆದುಕೊಂಡೇ 'ಹೂಂ' ಅನ್ನುವುದು ಹಾಗೆ.

ಝುಯ್ಯ್... ಮುಗಿದೇ ಹೋಯಿತು. ಅವನು ಕೈಗನ್ನಡಿ ಕೊಟ್ಟ. ಸಾಲಾಗಿ, ಸಮವಾಗಿ ನಿಂತ ಹಲ್ಲು. ಏಳನೇ ವಯಸ್ಸಿನಿಂದ ಕೈ ಅಡ್ಡ ಹಿಡಿದು ನಗುತ್ತಿದ್ದವಳು, ಮೊದಲ ಬಾರಿಗೆ ಪೂರ್ತಿ ಬಾಯಿ ತೆರೆದು ನಕ್ಕಳು.

ಅವನ ಕೈಯಿಂದ ಚಿಮಟ ಕೆಳಗೆ ಬಿತ್ತು.

"ಎರಡು ದಿನ ಊದಬೇಡಿ," ಎಂದ, ಚಿಮಟ ಹುಡುಕುವ ನೆಪದಲ್ಲಿ ಕುರ್ಚಿಯ ಕೆಳಗಿನಿಂದಲೇ. "ಗಾಯ ಮಾಯಲಿ."

*

ಎರಡು ದಿನ ಬಿಟ್ಟು ಊದಿದಳು.

ಇಲಿ ಬರಲಿಲ್ಲ.

ಸುಸ್ಸ್... ಎಂದು ಗಾಳಿ ಬಂತು. ಪೀಂಕ್ ಎಂದು ಏನೋ ಒಡೆಯಿತು. ರೀಡು ಬದಲಿಸಿದಳು. ತುದಿ ಕತ್ತರಿಸಿದಳು, ಕೆರೆದಳು, ನೆನೆಸಿದಳು. ಏಳು ರೀಡು ಹಾಳಾದವು. ಮೂರು ದಿನ, ನಾಲ್ಕು ದಿನ... ಬೆರಳು ಅದೇ, ಉಸಿರು ಅದೇ, ಸ್ವರ ಮಾತ್ರ ಇಲ್ಲ!

"ಪುಟ್ಟೀ, ಇಲಿ..."

"ಕೇಳಬೇಡಿ ದೊಡ್ಡಮ್ಮ!"

ಐದನೇ ದಿನ ಮಧ್ಯಾಹ್ನ, ಅಳು ಒತ್ತಿಕೊಂಡು ಹಳೇ ರೀಡುಗಳ ಡಬ್ಬಿ ತೆರೆದು ಬೆಳಕಿಗೆ ಹಿಡಿದಳು. ಪ್ರತಿಯೊಂದರ ಕೆಳಸೀಳಿನ ಮೇಲೂ, ಅದೇ ಜಾಗದಲ್ಲಿ, ಒಂದು ಸಣ್ಣ ತಗ್ಗು. ಸೂಜಿ ಒತ್ತಿದ ಹಾಗೆ.

ಹೊಸ ಏಳು ರೀಡು ನೋಡಿದಳು. ಒಂದರಲ್ಲೂ ಇಲ್ಲ.

ಅಷ್ಟು ಮೇಲಿನ ಸ್ವರಕ್ಕೆ ತುಟಿ ಸಾಲದು, ಕೆಳಗಿನ ಹಲ್ಲು ರೀಡಿಗೆ ತಾಗಬೇಕು ಎಂದು ಅವಳ ಗುರುಗಳು ಹಿಂದೆ ಹೇಳಿಕೊಟ್ಟಿದ್ದರು. ಅವಳೂ ಹಾಗೇ ಮಾಡುತ್ತಿದ್ದಳು. ಆದರೆ ತಾಗುತ್ತಿದ್ದದ್ದು ಹಲ್ಲಲ್ಲ... ಆ ಮೊನೆ! ಮುರುಕು ಹಲ್ಲಿನ ಆ ಒಂದು ಸೂಜಿ ಮೊನೆ, ಸರಿಯಾಗಿ ಒಂದೇ ಬಿಂದುವಿಗೆ!

ಅವಳು ಹಳೇ ರೀಡು, ಹೊಸ ರೀಡು ಎರಡನ್ನೂ ಮುಷ್ಟಿಯಲ್ಲಿ ಬಾಚಿಕೊಂಡು ಎದ್ದಳು.

ಮೆಟ್ಟಿಲ ಹತ್ತಿರ ಬಂದಾಗ ಕೆಳಗೆ ಕೌಂಟರಿನ ಅಕ್ಕ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು. "ಧೈರ್ಯವಾಗಿ ಬನ್ನಿ ಸಾರ್! ಇನ್ಮೇಲೆ ಆ ಸದ್ದಿನ ಕಾಟ ಇಲ್ಲ. ನಮ್ಮ ಡಾಕ್ಟ್ರು ಅದಕ್ಕೊಂದು ದಾರಿ ಮಾಡಿದ್ದಾರೆ."

ದಾರಿ ಮಾಡಿದ್ದಾರೆ!

'ಓಹೋ... ಆ ನಯ, ಆ ಹತ್ತಿ, ಆ ಎರಡೇ ನಿಮಿಷ... ಎಲ್ಲ ಇದಕ್ಕಾ?'

ಕಾಯುವ ಕೋಣೆಯಲ್ಲಿ ಆರು ಜನ ಗಲ್ಲ ಹಿಡಿದು ಕೂತಿದ್ದರು. ಅವಳು ಬಸೂನ್ ಹಿಡಿದೇ ಒಳನುಗ್ಗಿದಳು.

"ನನ್ನ ಇಲೀನ ಕೊಂದುಬಿಟ್ರಲ್ರೀ!"

"ಇಲಿನಾ?" ಮೊದಲ ಕುರ್ಚಿಯ ಹೆಂಗಸು ಕಾಲು ಮೇಲೆತ್ತಿಕೊಂಡರು.

"ಕ್ಲಿನಿಕ್ಕಲ್ಲಿ ಇಲಿ ಇದೆಯಂತೆ!" ಎನ್ನುತ್ತ ಎರಡನೆಯವರು ಚಪ್ಪಲಿ ಹುಡುಕತೊಡಗಿದರು. ನಿಮಿಷದಲ್ಲಿ ಕೋಣೆ ಖಾಲಿ.

ಡಾಕ್ಟರು ಓಡಿ ಬಂದ. "ಏನಾಯ್ತು? ಎಲ್ಲಿದೆ ಇಲಿ?"

"ನನ್ನ ಸ್ವರ! ನೀವು ಉಜ್ಜಿ ಹಾಕಿದ್ರಲ್ಲ, ಆ ಮೊನೆಯಲ್ಲಿತ್ತು ಅದು!" ರೀಡುಗಳನ್ನು ಮೇಜಿನ ಮೇಲೆ ಸುರಿದಳು. "ನೋಡಿ! ಹಳೇದು ಇದು, ಹೊಸದು ಇದು. ನಿಮಗೆ ಸದ್ದು ನಿಲ್ಲಬೇಕಿತ್ತು. ನಿಲ್ಲಿಸಿದ್ರಿ. ಪೊರಕೆಯಲ್ಲಿ ಎರಡು ಸಲ ಕುಟ್ಟಿದ್ರೆ ಸಾಕಾಗಿತ್ತಲ್ಲ! ಅಚ್ಚು ತೆಗೆಯೋ ನಾಟಕ ಯಾಕೆ ಬೇಕಿತ್ತು?"

ಅವನು ಒಂದು ರೀಡು ಎತ್ತಿ ಬೆಳಕಿಗೆ ಹಿಡಿದ. ಮುಖ ಬಿಳಿಚಿಕೊಂಡಿತು. "ನನಗೆ ಗೊತ್ತಿರ್ಲಿಲ್ಲ" ಎಂದು ಹೇಳಬಹುದಿತ್ತು. ಹೇಳಲಿಲ್ಲ.

"ಪರೀಕ್ಷೆಗೆ ಎಷ್ಟು ದಿನ ಇದೆ?"

"ಆರು. ಆರಾದ್ರೇನು, ಅರವತ್ತಾದ್ರೇನು!"

ಮೆಟ್ಟಿಲು ಹತ್ತುವಾಗ ತಡೆಹಿಡಿದಿದ್ದ ಅಳು ಬಂದೇಬಿಟ್ಟಿತು. ಅತ್ತದ್ದು ಸ್ವರಕ್ಕೋ, ಆ ಕಣ್ಣುಗಳಿಗೋ... ಅವಳಿಗೂ ತಿಳಿಯದು.

*

ಮಾರನೇ ದಿನ ಪೂರ್ತಿ ಕೆಳಗಿನಿಂದ ಒಂದೂ ಕುಟ್ಟು ಕೇಳಿಸಲಿಲ್ಲ. ಅವಳೂ ಊದಲಿಲ್ಲ. ಬಸೂನು ಮೂಲೆಯಲ್ಲಿ ನಿಜವಾಗಿಯೂ ಮಂಚದ ಕಾಲಿನ ಹಾಗೆ ಒರಗಿತ್ತು.

ಸಂಜೆ ದೊಡ್ಡಮ್ಮ ತಮ್ಮ ಕಟ್ಟಿಸಿದ ಹಲ್ಲು ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. "ಸಡಿಲ ಆಗಿದೆ, ತೋರಿಸಿ ಬರ್ತೀನಿ."

"ಬೆಳಿಗ್ಗೆ ಕಡಲೆಕಾಳು ಅಗಿದ್ರಲ್ಲ ದೊಡ್ಡಮ್ಮ?"

"ಆಮೇಲೆ ಸಡಿಲ ಆಯ್ತು."

ಅರ್ಧ ಗಂಟೆ ಬಿಟ್ಟು ಬಂದವರು ಊರುಗೋಲನ್ನು ಬಾಗಿಲ ಹಿಂದೆ ಇಟ್ಟು, ಅವಳ ಎದುರೇ ಕುಳಿತರು.

"ಪುಟ್ಟಿ, ಎರಡು ದಿನದಿಂದ ನನ್ನ ಮಂಚದ ಕೆಳಗೆ ಝುಯ್ ಝುಯ್ ಅಂತಿತ್ತಲ್ಲ, ಯಾಕೆ ಗೊತ್ತಾ? ಆ ದೊಡ್ಡ ಕುರ್ಚಿ, ದೀಪ, ಯಂತ್ರ ಎಲ್ಲಾನೂ ಹಿಂದಿನ ಕೋಣೆಗೆ ಎಳ್ಕೊಂಡು ಹೋಗಿದಾನೆ. ನೆಲ ಒಡೆದು ಹೊಸದಾಗಿ ನೀರಿನ ಪೈಪು ಹಾಕಿಸಿದಾನೆ. ನಿನ್ನ ಕೋಣೆಯ ಕೆಳಗೆ ಯಾರೂ ಇರಬಾರದು, ನೀನು ನಿಲ್ಲಿಸದೆ ಊದಬೇಕು ಅಂತ. ಆ ಕೌಂಟರಿನವಳು ಹೇಳಿದ 'ದಾರಿ' ಅದು."

ಅವಳು ಮೂಲೆಯ ಬಸೂನಿನ ಕಡೆ ನೋಡಿದಳು. ಕಿವಿಯ ತುದಿ ಬಿಸಿಯಾಯಿತು.

'ಆರು ಜನರ ಮುಂದೆ ಕೂಗಾಡಿಬಿಟ್ಟೆನಲ್ಲ...'

"ಇನ್ನೊಂದು. ನಿನ್ನೆಯಿಂದ ಊಟ ಬಿಟ್ಟು ನಿನ್ನ ಹಲ್ಲಿನ ಅಚ್ಚು ಮುಂದಿಟ್ಕೊಂಡು, ಕಣ್ಣಿಗೆ ಭೂತಗನ್ನಡಿ ಕಟ್ಕೊಂಡು ಕೂತಿದಾನಂತೆ. ಬಾ ಅಂದ. ಬಸೂನ್ ತಗೊಂಡು ಬಾ ಅಂದ."

*

ಮೇಜಿನ ಮೇಲೆ ಅವಳ ಹಲ್ಲಿನ ಪ್ಲಾಸ್ಟರ್ ಅಚ್ಚು ಇತ್ತು. ಅದರ ಕೆಳಗೆ ಗಾಳಿಗೆ ಹಾರದಂತೆ ಒತ್ತಿಟ್ಟ ಒಂದಷ್ಟು ಚೀಟಿ. ಎಡ ಮೂಲೆಯ ಮುರುಕು ಮೊನೆ ಬಿಳಿಯ ಪ್ಲಾಸ್ಟರಿನಲ್ಲಿ ಹಾಗೇ ಎದ್ದು ನಿಂತಿತ್ತು.

"ಅದು... ನಿನ್ನೆ ನಾನು..." ಅವಳು ತೊದಲಿದಳು.

"ಬಾಯಿ ತೆಗೀರಿ," ಎಂದ ಅವನು. ಅವಳಿಗೆ ಕ್ಷಮೆ ಕೇಳುವ ಕಷ್ಟ ತಪ್ಪಿಸಲು ಅದಕ್ಕಿಂತ ಒಳ್ಳೆಯ ಉಪಾಯ ಅವನಿಗೆ ತಿಳಿದಿರಲಿಲ್ಲ. "ಮುರಿದ ಹಲ್ಲು ಸರಿ ಮಾಡೋದು ನಮ್ಮ ಕೆಲಸ. ಚೆನ್ನಾಗಿರೋ ಹಲ್ಲನ್ನ ಮುರುಕು ಮಾಡಿಕೊಡಿ ಅಂತ ಯಾರೂ ಬಂದಿಲ್ಲ. ಆದ್ರೆ ಅಳತೆ ಇದೆ ನನ್ನ ಹತ್ರ. ಪ್ರಯತ್ನ ಮಾಡೋಣ."

ಹಲ್ಲಿಗೆ ತುಂಬುವ ಬಿಳಿ ಅಂಟನ್ನು ಸಾಸಿವೆಯಷ್ಟು ಇಟ್ಟ. ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದ. ಅಚ್ಚು ನೋಡಿ ಕೆತ್ತಿದ.

"ಊದಿ."

ದಂತವೈದ್ಯರ ಕುರ್ಚಿಯಲ್ಲಿ ಅರ್ಧ ಮಲಗಿ, ಕತ್ತಿಗೆ ಬಟ್ಟೆ ಕಟ್ಟಿಕೊಂಡು ಬಸೂನ್ ಊದಿದವರು ಅವಳಿಗಿಂತ ಮೊದಲು ಯಾರಾದರೂ ಇದ್ದರೋ ಇಲ್ಲವೋ. ಸುಸ್ಸ್... ಗಾಳಿ.

"ಇನ್ನೂ ಸ್ವಲ್ಪ ಎಡಕ್ಕೆ ಬೇಕೇನೋ," ಎಂದಳು.

ಮತ್ತೆ ಕೆತ್ತಿದ. ಪೀಂಕ್!

"ತುಂಬಾ ಚೂಪಾಯ್ತು."

ಒಂದು ಸಂಜೆ ಹೋಯಿತು. ಕೊನೆಯ ರೋಗಿ ಹೋದ ಮೇಲೆ ಎರಡನೇ ಸಂಜೆ, ಮೂರನೇ ಸಂಜೆ. ಮೊದಲು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದವನು ಹತ್ತಿ ತೆಗೆದಿಟ್ಟ. ಆಮೇಲೆ ಕಣ್ಣು ಮುಚ್ಚಿ ಕೇಳತೊಡಗಿದ.

"ಈ ಸಲ ಒಂದು ಕೂದಲೆಳೆ ಕೆಳಗಿದೆ ಅಲ್ವಾ?"

ಅವಳು ರೀಡು ಬಾಯಿಂದ ತೆಗೆದು ಬೆರಗಿನಿಂದ ನೋಡಿದಳು. "ಹೌದು... ನಿಮಗೆ ಹೇಗೆ ಗೊತ್ತಾಯ್ತು?"

"ಗೊತ್ತಿಲ್ಲ. ಹಲ್ಲು ಹೇಳುತ್ತೆ."

ನಾಲ್ಕನೇ ಸಂಜೆ ಅವನು ಕೊನೆಯದಾಗಿ ಒಂದೇ ಒಂದು ಸಲ, ಉಸಿರು ಬಿಗಿಹಿಡಿದು, ಮೊನೆಯ ಒಳಬದಿಯನ್ನು ಸವರಿದ.

ಅವಳು ಊದಿದಳು.

ಬಂತು!

ತೆಳ್ಳಗೆ, ನೆಟ್ಟಗೆ, ಬೆಳಕಿನ ಎಳೆಯ ಹಾಗೆ. ಒಂದು, ಎರಡು, ಮೂರು... ಅವನು ಬೆರಳು ಮಡಚಿ ಎಣಿಸುತ್ತಿದ್ದ... ಏಳು, ಎಂಟು!

ಮೇಲಿನಿಂದ ದೊಡ್ಡಮ್ಮನ ಊರುಗೋಲು ನೆಲಕ್ಕೆ ಕುಟ್ಟಿದ ಸದ್ದು. ಒಂದೇ ಸಲ. ಕುಟ್!

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇದ್ದರು. ಕೌಂಟರಿನ ಅಕ್ಕ ಬಂದು ದೀಪ ಆರಿಸಲಾ ಎಂದು ಎರಡು ಸಲ ಕೇಳಿ, ಉತ್ತರ ಬರದೆ ಹೊರಟುಹೋದರು.

*

ಪರೀಕ್ಷೆಯ ಕೋಣೆಯಲ್ಲಿ ನಡುವೆ ದೊಡ್ಡ ಪರದೆ. ಊದುವವರು ಯಾರೆಂದು ಕೇಳುವವರಿಗೆ ತಿಳಿಯಬಾರದು. ಹೆಜ್ಜೆ ಸದ್ದಿನಿಂದಲೂ ಗುರುತು ಸಿಗದಂತೆ ಜಮಖಾನ ಹಾಸಿದ್ದರು. ಎಲ್ಲರಿಗೂ ಒಂದೊಂದು ನಂಬರು. ಅವಳದು ನಾಲ್ಕು.

ಹೊರಗಿನ ಪಡಸಾಲೆಯಲ್ಲಿ ಆರು ಜನ ಆರು ಬಸೂನು ಹಿಡಿದು ಗುಟುರು ಹಾಕುತ್ತಿದ್ದರು. ಅವರ ನಡುವೆ, ಚೀಲ ತಬ್ಬಿಕೊಂಡು ಒಬ್ಬ ಹಲ್ಲಿನ ಡಾಕ್ಟರು.

ಮೂರನೇ ನಂಬರಿನವರು ಒಳಗೆ ಹೋದರು. ಅವಳು ಕೊನೆಯ ಸಲ ರೀಡು ಕಚ್ಚಿ ನೋಡಿದಳು. ಟಿಕ್.

ನಾಲಿಗೆಯ ಮೇಲೆ ಏನೋ ಸಾಸಿವೆಯಷ್ಟು ಉದುರಿತು.

"ಡಾಕ್ಟ್ರೇ..." ಅವಳ ದನಿ ಸತ್ತುಹೋಯಿತು. "ಬಿತ್ತು."

"ಕೂತ್ಕೊಳ್ಳಿ."

"ಇನ್ನು ಐದು ನಿಮಿಷ ಕೂಡ ಇಲ್ಲ!"

"ನಾಲ್ಕು ಸಾಕು. ಕೂತ್ಕೊಳ್ಳಿ. ಬಾಯಿ."

ಮಡಚುವ ಕುರ್ಚಿ. ಟಾರ್ಚನ್ನು ಅವನು ತನ್ನ ಬಾಯಲ್ಲೇ ಕಚ್ಚಿ ಹಿಡಿದ. ಅಚ್ಚು ನೋಡಲಿಲ್ಲ. ನಾಲ್ಕು ಸಂಜೆಯಲ್ಲಿ ಆ ಮೊನೆ ಅವನ ಬೆರಳಿಗೇ ಬಂದುಬಿಟ್ಟಿತ್ತು. ಅಂಟು, ನೀಲಿ ಬೆಳಕು, ಕಿರ್ ಕಿರ್.

ಐದನೇ ನಂಬರಿನವನು ಕಣ್ಣರಳಿಸಿ ಆರನೆಯವನ ಕಿವಿಯಲ್ಲಿ ಕೇಳಿದ. "ಎಲ್ರೂ ಡಾಕ್ಟರ್ ಕರ್ಕೊಂಡ್ ಬರ್ಬೇಕಿತ್ತಾ? ಪತ್ರದಲ್ಲಿ ಬರ್ದಿರ್ಲಿಲ್ವಲ್ಲ!"

"ನಂಬರ್ ನಾಲ್ಕು!"

ಅವಳು ಎದ್ದಳು. ಅವನು ಏನೋ ಹೇಳಲು ಹೋದ, ಬಾಯಲ್ಲಿ ಟಾರ್ಚು. ಸುಮ್ಮನೆ ಗೋಡೆಗೆ ಬೆರಳಗೆಣ್ಣಿನಿಂದ ಒಂದು ಸಲ ಕುಟ್ಟಿದ.

ಕುಟ್.

ಆಮೇಲೆ ಬಾಗಿಲು ಮುಚ್ಚಿತು. ಒಳಗಿನಿಂದ ಕೃತಿ ಶುರುವಾಯಿತು. ತಾತನ ದನಿಯಲ್ಲಿ ಆರಂಭವಾಗಿ, ಅಪ್ಪನ ದನಿಗೆ ಏರಿ, ಹುಡುಗಿಯ ದನಿಗೆ ಏರಿ, ಇನ್ನೂ ಮೇಲೆ... ಅವನು ಗೋಡೆಗೆ ಹಣೆ ಒತ್ತಿ ನಿಂತಿದ್ದ. ಬಾಯಿಂದ ಟಾರ್ಚು ತೆಗೆಯುವುದೂ ಮರೆತಿತ್ತು.

ಮೇಲಿನ 'ಎಫ್' ಬಂತು. ಬಂದು ನಿಂತಿತು. ಒಂದು... ಎರಡು... ಐದರಲ್ಲಿ ಚೂರು ನಡುಗಿತು! ಅವನ ಉಸಿರು ನಿಂತಿತು... ಆರು... ಏಳು...

ಎಂಟು!

ಪರದೆಯ ಆಚೆ ಕುರ್ಚಿ ಸರಿದ ಸದ್ದು. ಆಮೇಲೆ ಯಾರೋ ವಯಸ್ಸಾದವರ ದನಿ. "ಅಬ್ಬಾ... ಇನ್ನೊಂದು ಸಲ ಆಗುತ್ತಾ?"

ಇನ್ನೊಂದು ಸಲವೂ ಆಯಿತು.

ಸಂಜೆ ಹಲಗೆಯ ಮೇಲೆ ಚೀಟಿ ಅಂಟಿಸಿದರು. ಅದರಲ್ಲಿ ಒಂದೇ ಅಂಕಿ ಇತ್ತು. ನಾಲ್ಕು.

ಅವಳು ಬಾಯಿ ತುಂಬ ನಕ್ಕಳು. ಮುರುಕು ಮೊನೆ ಎಲ್ಲರಿಗೂ ಕಾಣುವ ಹಾಗೆ.

*

ಮೂರು ದಿನದ ಮೇಲೆ, ಆ ಅವಸರದ ಮೊನೆಯನ್ನು ಭದ್ರ ಮಾಡಲೆಂದು ಮತ್ತೆ ಅದೇ ಕುರ್ಚಿ. ಕೆನ್ನೆಯ ಎರಡೂ ಬದಿಗೆ ಹತ್ತಿ, ತುಟಿಯ ಅಂಚಿಗೆ ಜೊಲ್ಲು ಎಳೆಯುವ ಕೊಳವೆ.

ಕೌಂಟರಿನ ಅಕ್ಕ ಮನೆಗೆ ಹೊರಟವರು ಬಾಗಿಲಲ್ಲಿ ನಿಂತರು.

"ಅಲ್ಲಮ್ಮ, ನಾನೂ ಹನ್ನೊಂದು ವರ್ಷದಿಂದ ನೋಡ್ತಿದೀನಿ. ಒಂದು ಮೊನೆ ಉಜ್ಜೋಕೆ ಇವರು ಅಚ್ಚು ತೆಗೆದದ್ದು ನಿನಗೊಬ್ಬಳಿಗೇ. ಯಾಕೆ ಅಂತ ನೀನೇ ಕೇಳು." ಅಷ್ಟು ಹೇಳಿ ಬಾಗಿಲು ಎಳೆದುಕೊಂಡು ಹೋದರು.

ಅವಳ ಕಣ್ಣು ಅವನ ಕಡೆ ತಿರುಗಿತು. "ಆಆ?"

ಅವನು ದೀಪ ಸರಿಮಾಡಿದ. ಸರಿಯಿದ್ದ ದೀಪವನ್ನು ಮತ್ತೆ ಸರಿಮಾಡಿದ.

"ಅಚ್ಚು ಬೇಕಿರ್ಲಿಲ್ಲ," ಎಂದ ಕೊನೆಗೆ. "ಅವತ್ತೇ ಉಜ್ಜಿ ಕಳಿಸಬಹುದಿತ್ತು. ಕಳಿಸಿದ್ರೆ ನೀವು ಮತ್ತೆ ಬರ್ತಿರ್ಲಿಲ್ಲ. ಅಚ್ಚು ತೆಗೆದ್ರೆ ನಾಡಿದ್ದು ಬನ್ನಿ ಅನ್ನಬಹುದು... ಅಷ್ಟೇ ಕಾರಣ. ಸುಳ್ಳು ಹೇಳಿದೆ. ಮೂರು ನಿಮಿಷ ಜೊಲ್ಲು ಸುರಿಸಿದ್ರಿ ನೀವು, ನನ್ನ ಸ್ವಾರ್ಥಕ್ಕೆ."

ಅವಳು ಕಣ್ಣು ಮಿಟುಕಿಸಲಿಲ್ಲ.

"ಆಮೇಲೆ ಆ ಅಚ್ಚು ಎಸೆಯೋಕೆ ಮನಸ್ಸು ಬರ್ಲಿಲ್ಲ. ಮೇಜಿನ ಮೇಲೆ ಇಟ್ಕೊಂಡೆ. ನಿಮ್ಮ ಬಾಯಿ ತುಂಬಿರೋವಾಗ ಇದನ್ನ ಹೇಳ್ತಿರೋದು ನ್ಯಾಯ ಅಲ್ಲ, ಗೊತ್ತು. ಆದ್ರೆ ನೀವು ಮಾತಾಡೋಕೆ ಶುರು ಮಾಡಿದ್ರೆ ನನಗೆ ಧೈರ್ಯ ಇರಲ್ಲ." ಅವನು ಗಂಟಲು ಸರಿಮಾಡಿಕೊಂಡ, ಪಕ್ಕಾ ಬಸೂನಿನ ಹಾಗೆ. "ಈ ಸ್ವರ ದಿನಾ ನನ್ನ ತಲೆ ಮೇಲೆ ಬೇಕು. ಚಾವಣಿ ನಡುವೆ ಇಲ್ಲದಿದ್ರೆ ಇನ್ನೂ ಒಳ್ಳೇದು. ನನ್ನ ಜೊತೆ ಇರ್ತೀರಾ... ಜೀವನವಿಡೀ? ಇಷ್ಟ ಇಲ್ಲದಿದ್ರೆ, ಎಡಗೈ ಎತ್ತಿ. ತಕ್ಷಣ ನಿಲ್ಲಿಸ್ತೀನಿ. ಮತ್ತೆ ಈ ಮಾತು ಎತ್ತಲ್ಲ."

ಕೊಳವೆ ಮಾತ್ರ ಸೊರ್ ಎನ್ನುತ್ತಿತ್ತು.

ಅವಳ ಎಡಗೈ ಮೆಲ್ಲಗೆ ಮೇಲೆದ್ದಿತು.

ಅವನ ಕಣ್ಣಿನ ಬೆಳಕು ಆರಿಹೋಯಿತು. ಆದರೂ ಕೊಟ್ಟ ಮಾತು ತಪ್ಪುವವನಲ್ಲ. ಉಪಕರಣ ಕೆಳಗಿಟ್ಟ. ಹತ್ತಿ ತೆಗೆದ. ಕೊಳವೆ ತೆಗೆದ.

"ಸರಿ... ಕ್ಷಮಿಸಿ. ನಾನು..."

"ಏನ್ ಡಾಕ್ಟ್ರೋ ನೀವು!" ಅವಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ಕೈ ಇನ್ನೂ ಮೇಲೆಯೇ ಇತ್ತು. "ಆಗ್ಲಿಂದ ಎತ್ತಿ ಎತ್ತಿ ಕೈ ನೋಯ್ತಿದೆ. ಹುಡುಗಿ ಕೈ ಚಾಚಿದ್ರೆ ಹಿಡ್ಕೋಬೇಕು ಅಂತ ನಿಮ್ಮ ಕಾಲೇಜಲ್ಲಿ ಹೇಳಿಕೊಡಲ್ವಾ?"

ಅವನು ಗಾಬರಿಯಿಂದ ಹಿಡಿದುಕೊಂಡ. ಎರಡೂ ಕೈಯಲ್ಲಿ.

"ಗ್ಲೌಸು!" ಎಂದಳು ಅವಳು.

"ಹಾಂ?"

"ಗ್ಲೌಸು ತೆಗೀರಿ ಮೊದಲು..."

ತೆಗೆದ. ಮತ್ತೆ ಹಿಡಿದ. ಈ ಸಲ ಬೆಚ್ಚಗಿತ್ತು.

"ನೋವಾಗ್ತಿದೆಯಾ?" ಪಿಸುಗುಟ್ಟಿದ.

"ಇಲ್ಲ," ಎಂದಳು. "ಆದ್ರೂ ನಿಲ್ಲಿಸಬೇಡಿ."

ಆಗ ಅವರ ತಲೆಯ ಮೇಲೆ, ಸರಿಯಾಗಿ ದೊಡ್ಡಮ್ಮನ ಮಂಚದ ಪಕ್ಕ, ನೆಲಕ್ಕೆ ಕಿವಿ ಆನಿಸಿ ಅಷ್ಟು ಹೊತ್ತು ಉಸಿರು ಬಿಗಿಹಿಡಿದಿದ್ದ ಯಾರೋ ಊರುಗೋಲು ಎತ್ತಿಕೊಂಡ ಸದ್ದು.

ಕುಟ್!

ಒಂದೇ ಸಲ.